ಎರಡು ಸಲ ಹೊಳೆಗಿಳಿದವನು

ನಿನ್ನೆ ಮಧ್ಯಾಹ್ನ ಶಾವಿಗೆ ಪಾಯಸಕ್ಕೆಂದು ಗಟ್ಟಿ ಹಾಲಿನ ಡಬ್ಬಿಯೊಂದನ್ನು ತೆರೆದೆ. ಮುಚ್ಚಳ ಎತ್ತಿದ ಕೂಡಲೇ ಆ ವಾಸನೆ ಬಂತು ನೋಡಿ. ಅದು ಹಾಲಿನದೂ ಅಲ್ಲ, ಸಕ್ಕರೆಯದೂ ಅಲ್ಲ. ಎರಡನ್ನೂ ಬಹಳ ಕಾಲ ತಗಡಿನೊಳಗೆ ಕೂಡಿಹಾಕಿದರೆ ಬರುವಂಥದು. ಚಮಚ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟೆ. ನೆನಪಾದವರು ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ. ಅವರ ಬೆನ್ನ ಹಿಂದೆಯೇ ಇನ್ನೊಬ್ಬ ಬಂದ. ನಾನು ಎಂದೂ ಕಾಣದ, ಫೋಟೋದಲ್ಲಿ ಕೂಡ ಕಾಣದ, ಆಸ್ಟ್ರೇಲಿಯಾದ ಒಬ್ಬ ಹುಡುಗ.

ಮಾವ ಆಗಾಗ ಶಹಾಪುರದಿಂದ ಇಂಥದೊಂದು ಡಬ್ಬಿ ತರುತ್ತಿದ್ದರು. ಪಾಯಸಕ್ಕಲ್ಲ, ಚಹಾಕ್ಕೂ ಅಲ್ಲ. ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತು, ಒಂದೇ ಒಂದು ಚಮಚ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಅದನ್ನು ನುಂಗಲಿಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ನಾನು ಒಂದು ಸೇರು ಜೋಳ ಹಸನು ಮಾಡಬಹುದಿತ್ತು. ಉಳಿದದ್ದನ್ನು ಮನೆಯವರಿಗೆ ಬಿಡುತ್ತಿದ್ದರು. ಮುದುಕನಿಗೆ ಹಲ್ಲು ಹೋದ ಹಾಗೆಲ್ಲ ಬಾಯಿ ಚಪಲ ಬೆಳೆಯುತ್ತಿದೆ ಎಂದು ಅತ್ತೆ ಗೊಣಗುತ್ತಿದ್ದರು. ದೋರನಹಳ್ಳಿಯ ಆ ಮನೆಗೆ ಹೊಸದಾಗಿ ಸೊಸೆಯಾಗಿ ಬಂದಿದ್ದ ನಾನು, ಹಳೆಯ ಸಿಪಾಯಿ ಅಲ್ಲವೇ, ದೊರೆಗಳ ಹತ್ತಿರ ಕಲಿತ ಶೋಕಿ ಇರಬೇಕು ಎಂದು ತೀರ್ಮಾನಿಸಿದ್ದೆ. ಶಾಲೆಯ ಮಾಸ್ತರಿಣಿ ನಾನು. ತೀರ್ಮಾನಕ್ಕೆ ಬರುವುದು ನನಗೆ ಬಹಳ ಸುಲಭವಾಗಿತ್ತು.

ಗಂಡನ ಹೆಸರಿನ ವಿಷಯದಲ್ಲಿಯೂ ಹಾಗೆಯೇ ಆಗಿತ್ತು. ಅವರ ಹೆಸರು ಬಿಲ್ಲಪ್ಪ. ಮದುವೆಯ ಮಾತು ನಡೆದಾಗ ಟ್ರೇನಿಂಗ್ ಕಾಲೇಜಿನ ಗೆಳತಿಯರು ಆ ಹೆಸರು ಹಿಡಿದು ನನ್ನನ್ನು ಸಾಕಷ್ಟು ಕಾಡಿದ್ದರು. ನನ್ನ ಅಪ್ಪ ಸಮಾಧಾನ ಹೇಳಿದ. ಮಾವನ ಮೂಲ ಊರು ಸುರಪುರ. ಬೇಟೆಯ ಮನೆತನ, ಅಜ್ಜ ಮುತ್ತಜ್ಜಂದಿರು ಬಿಲ್ಲು ಹಿಡಿದವರು, ಅದಕ್ಕೇ ಮಗನಿಗೆ ಬಿಲ್ಲಪ್ಪ ಎಂದು ಇಟ್ಟಿದ್ದಾರೆ ಎಂದ. ಊರಿನವರೂ ಹಾಗೆಯೇ ತಿಳಿದಿದ್ದರು. ನಾನೂ ಆ ಬಿಲ್ಲನ್ನು ಮನಸ್ಸಿನಲ್ಲಿ ಗೋಡೆಗೆ ತೂಗುಹಾಕಿ ಸುಮ್ಮನಾದೆ. ಮನೆದೇವರ ಹೆಸರಿಡಬೇಕೆಂದು ಅತ್ತೆ ಹಟ ಹಿಡಿದಿದ್ದರಂತೆ. ಯಾವುದಕ್ಕೂ ಅಡ್ಡ ಮಾತಾಡದ ಮಾವ ಅದೊಂದಕ್ಕೆ ಮಾತ್ರ ಜಗ್ಗಿರಲಿಲ್ಲವಂತೆ.

ಆಗ ಕೃಷ್ಣೆಯ ಕಾಲುವೆಯ ಕಾಲ. ನಮ್ಮ ಕಡೆಯವರು ಈಗಲೂ ವರ್ಷಗಳನ್ನು ಹಾಗೆಯೇ ಹೇಳುತ್ತಾರೆ; ಕಾಲುವೆ ಬರುವುದಕ್ಕೆ ಮೊದಲು, ಕಾಲುವೆ ಬಂದ ಮೇಲೆ. ನಾನು ಹೋದಾಗ ಕಾಲುವೆ ಬಂದಿತ್ತು, ನೀರು ಬಂದಿರಲಿಲ್ಲ. ಎರೆಹೊಲಗಳ ನಡುವೆ ಆ ದೊಡ್ಡ ತಗ್ಗು ಬಾಯಿ ತೆರೆದುಕೊಂಡು ವರ್ಷಗಟ್ಟಲೆ ಬಿದ್ದಿತ್ತು. ಅದರ ಇಳಿಜಾರಿನಲ್ಲಿ ಮಕ್ಕಳು ಜಾರುಬಂಡಿ ಆಡುತ್ತಿದ್ದರು. ಸೇತುವೆ ಸುತ್ತಿಕೊಂಡು ಹೋಗಲು ಬೇಸರವಾಗಿ ನಾನೂ ಸೀರೆ ಎತ್ತಿ ಹಿಡಿದು ಕಾಲುವೆಯೊಳಗೆ ಇಳಿದು ಹತ್ತಿ ಶಾಲೆಗೆ ಹೋಗುತ್ತಿದ್ದೆ. ಅದರಲ್ಲಿ ನೀರು ಹರಿಯುತ್ತದೆ ಎಂದು ನಂಬಿದವರು ಊರಲ್ಲಿ ಕಡಿಮೆ. ಮಾವ ಮಾತ್ರ ದಿನಾ ದಂಡೆಯ ಮೇಲೆ ನಡೆದು ಹೋಗಿ ಬಿರುಕು, ಏಡಿಯ ತೂತು, ಇಲಿಯ ಬಿಲ ಹುಡುಕಿ ಮಣ್ಣು ತುಂಬಿ ಕಾಲಿನಿಂದ ತುಳಿದು ಬರುತ್ತಿದ್ದರು. ಯಾರೂ ಹೇಳದ, ಯಾರೂ ಕೂಲಿ ಕೊಡದ ಆ ಕೆಲಸ ನೋಡಿ ಜನ ನಗುತ್ತಿದ್ದರು.

ನೀರು ಬಿಟ್ಟ ದಿನ ಶಾಲೆಯ ಮಕ್ಕಳನ್ನೆಲ್ಲ ದಂಡೆಗೆ ಕರೆದುಕೊಂಡು ಹೋಗಿದ್ದೆ. ಹೆಂಗಸರು ಅರಿಶಿನ ಕುಂಕುಮ ತಂದಿದ್ದರು. ಮೊದಲು ಸಪ್ಪಳ ಬಂತು, ದೂರದಲ್ಲಿ ಹುಲ್ಲಿನ ಬಣವೆ ಎಳೆದಂತೆ. ಆಮೇಲೆ ನೀರು. ನಾನು ತಿಳಿನೀರು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಕಸ, ಕಡ್ಡಿ, ನೊರೆ, ಸೆಗಣಿ, ಗಾಬರಿಯಾದ ಒಂದು ಹಾವು, ಅವನ್ನೆಲ್ಲ ಮುಂದೆ ತಳ್ಳಿಕೊಂಡು ಬರುವ ಮಣ್ಣಿನ ಬಣ್ಣದ ಒಂದು ಗೋಡೆ. ನಾನು ಬೆಳಿಗ್ಗೆ ದಾಟಿ ಬಂದಿದ್ದ ಕಾಲುದಾರಿ ಕಣ್ಣೆದುರೇ ಮುಳುಗಿತು. ಜನ ತೆಂಗಿನಕಾಯಿ ಒಡೆದರು. ಮಾವ ತಲೆಯ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಹಿಮ್ಮಡಿ ಜೋಡಿಸಿ, ನೆಟ್ಟಗೆ ನಿಂತು, ಹಣೆಗೆ ಕೈ ಹಚ್ಚಿ ಸಲಾಮು ಹೊಡೆದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ಮುಗಿದರೂ ಅವರ ಕೈ ಇಳಿಯಲಿಲ್ಲ. ಹತ್ತಿರ ಹೋಗಿ ನೋಡಿದರೆ ಗಲ್ಲ ತೋಯ್ದಿತ್ತು.

ಮನೆಗೆ ಹೋಗುವಾಗ ಕೇಳಿದರು, "ಯವ್ವಾ, ನಿಮ್ಮ ಸಾಲ್ಯಾಗ ದುನಿಯಾದ ನಕಾಶಿ ಅದ ಏನು?"

ನಮ್ಮ ಕಡೆ ಆಗ ಸೊಸೆ ಮಾವನ ಎದುರು ಕೂತು ಮಾತಾಡುವ ರೂಢಿ ಇರಲಿಲ್ಲ. ಆದರೆ ಶಾಲೆಯಲ್ಲಿ ನಾನು ಸೊಸೆಯಲ್ಲ ಎಂದು ಅವರು ಲೆಕ್ಕ ಹಾಕಿದ್ದಿರಬೇಕು. ಮರುದಿನ ಮಕ್ಕಳು ಮನೆಗೆ ಹೋದ ಮೇಲೆ ಬಂದರು. ನಕಾಶೆಯನ್ನು ಗೋಡೆಗೆ ಬಿಟ್ಟೆ. ಆಸ್ಟ್ರೇಲಿಯಾ ಯಾವುದು ಎಂದು ಕೇಳಿದರು. ತೋರಿಸಿದೆ. ಅಲ್ಲಿಯವರೆಗೆ ನಾನು ಮಕ್ಕಳಿಗೆ ಅದನ್ನು ಗೋಧಿ, ಉಣ್ಣೆ, ಕಾಂಗರೂ ಎಂದು ಬಾಯಿಪಾಠ ಮಾಡಿಸಿದ್ದೆ. ಅಲ್ಲಿ ಮನುಷ್ಯರೂ ಇರುತ್ತಾರೆ ಎಂದು ಪುಸ್ತಕ ಒತ್ತಿ ಹೇಳಿರಲಿಲ್ಲ, ನಾನೂ ವಿಚಾರಿಸಿರಲಿಲ್ಲ. ಮಾವ ಆ ಭೂಖಂಡದ ಮೇಲೆ ಅಂಗೈ ಇಟ್ಟರು. ಅಂಗೈಯಲ್ಲಿ ಪೂರ್ತಿ ಮುಚ್ಚಿಹೋಯಿತು. ಆಮೇಲೆ ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತು ಹೇಳತೊಡಗಿದರು.

ಮಾವ ಫೌಜಿಗೆ ಸೇರಿದ್ದು ಶೌರ್ಯಕ್ಕಲ್ಲ, ಎರಡು ಹೊತ್ತಿನ ರೊಟ್ಟಿಗೆ. ಅದು ನಿಜಾಮರ ಕಾಲ. ಅವರ ಪಲ್ಟನ್ನಿನಲ್ಲಿಯೇ ಶಹಾಪುರದ ಮಹಬೂಬ ಎಂಬ ಗೆಳೆಯನಿದ್ದ. ದೊಡ್ಡ ಯುದ್ಧ ಶುರುವಾದಾಗ ಇವರನ್ನು ಹಡಗು ಹತ್ತಿಸಿ ಮಲಯಾಕ್ಕೆ ಒಯ್ದರು. ಸಿಂಗಾಪುರ ಜಪಾನಿಯರ ಕೈಗೆ ಹೋದಾಗ ಇಬ್ಬರೂ ಸೆರೆ ಸಿಕ್ಕರು. ಮತ್ತೆ ಹಡಗು, ಈ ಸಲ ನ್ಯೂಗಿನಿ ಎಂಬ ಕಾಡುದ್ವೀಪಕ್ಕೆ, ಜಪಾನಿಯರ ಮೂಟೆ ಹೊರಲು, ವಿಮಾನ ಇಳಿಯುವ ಬಯಲು ಸಮ ಮಾಡಲು. ಮೊದಲು ಅನ್ನ ಕೊಟ್ಟರು, ಆಮೇಲೆ ಗಂಜಿ, ಕೊನೆಗೆ ಎಲೆ, ಬೇರು ನಾವೇ ಹುಡುಕಿಕೊಂಡು ತಿನ್ನಬೇಕಾಯಿತು ಎಂದರು ಮಾವ. ಜೊತೆಗಾರರು ಒಬ್ಬೊಬ್ಬರಾಗಿ ಸತ್ತರು. ಜಪಾನಿಯರು ಹಿಂದೆ ಸರಿಯುವ ಗಡಿಬಿಡಿಯಲ್ಲಿ ಇವರಿಬ್ಬರೂ ತಪ್ಪಿಸಿಕೊಂಡು, ತೋಪಿನ ಸಪ್ಪಳ ಎಲ್ಲಿಂದ ಬರುತ್ತದೆಯೋ ಆ ಕಡೆಗೆ ಕಾಡಿನಲ್ಲಿ ನಡೆದರು. ಮಹಬೂಬನಿಗೆ ಜ್ವರ ಏರಿ ಕಾಲು ಸೋತವು. ಕಾಡಿನ ಜನರ ಹಳೆಯ ಗುಡಿಸಲೊಂದರಲ್ಲಿ ಮಲಗಿಕೊಂಡು, ನೀ ಹೋಗು, ಯಾರಾದರೂ ಸಿಕ್ಕರೆ ನನ್ನ ಸುದ್ದಿ ಹೇಳು ಎಂದನಂತೆ. ಮಾವ ಒಬ್ಬರೇ ತೆವಳುತ್ತ ಒಂದು ಹೊಳೆಯ ದಂಡೆಗೆ ಬಂದರು.

ಆಚೆ ದಂಡೆಯಲ್ಲಿ ಬಿಳಿಯ ಸಿಪಾಯಿಗಳು. ಇವರನ್ನು ಕಂಡ ಕೂಡಲೇ ಬಂದೂಕು ಎತ್ತಿದರು. ಕೂಗೋಣವೆಂದರೆ ಗಂಟಲಲ್ಲಿ ದನಿ ಇಲ್ಲ. ಹೇಗೋ 'ಇಂಡಿಯಾ' ಎಂಬ ಒಂದು ಮಾತು ಹೊರಟಿತು. ಅವರಲ್ಲಿ ಒಬ್ಬ ಹುಡುಗ ಪಕ್ಕದವನ ಬಂದೂಕಿನ ನಳಿಕೆಯನ್ನು ಕೈಯಿಂದ ಕೆಳಗೆ ಒತ್ತಿದ. ಬೂಟು ಬಿಚ್ಚಿದ. ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ನೀರಿಗಿಳಿದ.

"ನಾ ಅವಾಗ ಮನಷ್ಯಾರಂಗ ಇದ್ದಿಲ್ಲವ್ವಾ" ಎಂದರು ಮಾವ. "ಮೈತುಂಬ ಹುಣ್ಣು, ತಲಿತುಂಬ ಹೇನು. ನನ್ನ ವಾಸನಿ ನನಗೇ ತಡೀತಿದ್ದಿಲ್ಲ. ಅಂವ ಬಂದಾಂವ ಏನೂ ಕೇಳಲಿಲ್ಲ. ಬೆನ್ನು ತಿರುಗಿಸಿ ಕುಂತ. ಏರು ಅಂತ ಸನ್ನಿ ಮಾಡಿದ."

ಅವನೇ ಬಿಲ್. ಪೂರ್ತಿ ಹೆಸರು ಮಾವನಿಗೆ ಗೊತ್ತಿರಲಿಲ್ಲ. ಎಲ್ಲರೂ ಬಿಲ್ ಎಂದೇ ಕರೆಯುತ್ತಿದ್ದರಂತೆ. ನನ್ನ ತಲೆಯಲ್ಲಿ ಗೋಡೆಗೆ ತೂಗುತ್ತಿದ್ದ ಬಿಲ್ಲು ಅಂದು ಕೆಳಗಿಳಿಯಿತು.

ಹೊಳೆ ದಾಟಿಸಿ ತಮ್ಮ ದಂಡೆಗೆ ತಂದು ಡೇರೆಯಲ್ಲಿ ಮಲಗಿಸಿದರು. ಬಹುಕಾಲ ಹಸಿದವನಿಗೆ ಒಮ್ಮೆಲೇ ತಿನ್ನಿಸಿದರೆ ಜೀವಕ್ಕೆ ಅಪಾಯವೆಂದು ಡಾಕ್ಟರರ ಕಟ್ಟಪ್ಪಣೆ. ಬಿಲ್ ಹಾಲಿನ ಡಬ್ಬಿ ತೆರೆದು ಒಂದು ಚಮಚ ಬಾಯಿಗೆ ಹಾಕಿದ. ಮಾವ ಇನ್ನೊಂದಕ್ಕೆ ಬಾಯಿ ತೆರೆದರೆ ತಲೆ ಅಲ್ಲಾಡಿಸಿದ. ಹಸಿವಿನಲ್ಲಿ ಅವನನ್ನು ಕೊಂದುಬಿಡುವಷ್ಟು ಸಿಟ್ಟು ಬಂತಂತೆ. ಅವನು ಮಾತ್ರ ಚಮಚ ಹಿಡಿದುಕೊಂಡು, ಹೊತ್ತು ಆಗುವವರೆಗೆ ಪಕ್ಕದಲ್ಲಿಯೇ ಕಾಯುತ್ತ ಕೂತಿದ್ದ.

ಮಾವ ಮೊದಲು ತಿಳಿಸಿದ್ದು ಮಹಬೂಬನ ಸುದ್ದಿ. ಒಂದು ಬೆರಳೆತ್ತಿ, ಹೊಳೆಯಾಚೆಗೆ ತೋರಿಸಿ, ಇನ್ನೊಬ್ಬ ಇದ್ದಾನೆ ಎಂದರು. ಬಿಲ್‌ಗೆ ತಿಳಿಯಿತು. ಆದರೆ ಅಷ್ಟರಲ್ಲಿ ಮೇಲುಗಡೆ ಮಳೆಯಾಗಿ ಹೊಳೆ ಏರಿತ್ತು. ಬಿಲ್ ನೀರಿನಂಚಿಗೆ ಒಂದು ಕೋಲು ನೆಟ್ಟ. ದಿನಾ ಬೆಳಿಗ್ಗೆ ಹೋಗಿ ನೀರು ಎಷ್ಟು ಇಳಿಯಿತು ಎಂದು ನೋಡಿ ಬರುತ್ತಿದ್ದ. ಸಂಜೆ ಡೇರೆಗೆ ಬಂದು, ಇನ್ನೂ ಇಲ್ಲ ಎಂದು ಸನ್ನೆ ಮಾಡಿ, ಚಮಚ ಹಿಡಿದು ಕೂರುತ್ತಿದ್ದ.

ಆ ಸಂಜೆಗಳಲ್ಲಿ ಅವನು ತನ್ನ ಕಥೆ ಹೇಳಿದ. ಮಾವನಿಗೆ ಬರುತ್ತಿದ್ದ ಇಂಗ್ಲಿಷ್ ಕವಾಯತಿನದು, ಅವನಿಗೆ ಹಿಂದೂಸ್ತಾನಿ ಪಾನಿ ಎನ್ನುವಷ್ಟು. ಉಳಿದದ್ದೆಲ್ಲ ಕಡ್ಡಿಯಿಂದ ನೆಲದ ಮೇಲೆ ಬರೆದ. ಅವನ ಊರೂ ಮಳೆ ಇಲ್ಲದ ಬಯಲು. ಅವನಪ್ಪನ ಕಾಲದಲ್ಲಿ ಧೂಳು ಹಾರುತ್ತಿತ್ತು, ಕುರಿಗಳು ನಿಂತಲ್ಲೇ ಸಾಯುತ್ತಿದ್ದವು. ಆಮೇಲೆ ದೂರದ ನದಿಯಿಂದ ಕಾಲುವೆ ಬಂತು. ಬಿಲ್ ಮೊದಲು ಒಂದು ದಪ್ಪ ಗೆರೆ ಎಳೆದ, ಅದರಿಂದ ಕವಲು, ಕವಲಿನಿಂದ ಸಣ್ಣ ಕವಲು, ಕೊನೆಗೆ ಹೊಲದ ಸಾಲು. ಅವನಪ್ಪ ಆ ಕಾಲುವೆಯ ನೀರಗಂಟಿ. ತೂಬು ತೆಗೆದು ಹೊಲಗಳಿಗೆ ನೀರು ಬಿಡುವವನು. ಚಿಕ್ಕವನಿದ್ದಾಗ ಬಿಲ್‌ನ ಕೆಲಸ ದಂಡೆಯ ಮೇಲೆ ನಡೆದು ತೂತು ಹುಡುಕಿ ಮುಚ್ಚುವುದು. ಈಜು ಕಲಿತದ್ದೂ ಅದೇ ಕಾಲುವೆಯಲ್ಲಿ, ಅವ್ವನ ಕಣ್ಣು ತಪ್ಪಿಸಿ. ಒದ್ದೆ ಕೂದಲಲ್ಲಿ ಮನೆಗೆ ಹೋದಾಗ ಅವ್ವ ಹೇಗೆ ಕಿವಿ ಹಿಂಡುತ್ತಿದ್ದಳು ಎಂದು ತನ್ನ ಕಿವಿಯನ್ನೇ ಹಿಂಡಿಕೊಂಡು ತೋರಿಸಿದನಂತೆ. ಯುದ್ಧ ಮುಗಿದ ಮೇಲೆ ಒಂದು ತುಂಡು ಹೊಲ ಹಿಡಿದು ಕಿತ್ತಳೆ ಹಚ್ಚುತ್ತೇನೆ ಎಂದಿದ್ದ. ನಿಮ್ಮ ಊರಲ್ಲಿ ಏನು ಬೆಳೆಯುತ್ತದೆ ಎಂದು ಕೇಳಿದ. ಮಳೆ ಬಂದರೆ ಜೋಳ ಎಂದರು ಮಾವ. ನದಿ ಇಲ್ಲವೇ ಎಂದ. ಇದೆ, ಕೃಷ್ಣೆ, ನಮ್ಮ ಹೊಲಕ್ಕೆ ಅದರಿಂದ ಏನೂ ಇಲ್ಲ ಎಂದರು. ಬಿಲ್ ನೆಲದ ಮೇಲಿನ ತನ್ನ ಕಾಲುವೆಯ ಒಂದು ಗೆರೆಯನ್ನು ಉದ್ದಕ್ಕೆ ಎಳೆದುಕೊಂಡು ಬಂದು, ಮಾವನ ಹಾಸಿಗೆಯ ಬುಡಕ್ಕೆ ಮುಟ್ಟಿಸಿ ನಕ್ಕ.

"ಅಂವ ಗೆರಿ ಎಳದಿದ್ದು ಖರೇ ಆತು ನೋಡವ್ವಾ" ಎಂದು ಮಾವ ಶಾಲೆಯ ಕಿಟಕಿಯಾಚೆ ನೋಡಿದರು.

ಹೊಳೆ ಇಳಿದ ದಿನ ಬಿಲ್ ನಾಲ್ಕಾರು ಜನರೊಂದಿಗೆ ಆಚೆ ಹೋದ. ಅಷ್ಟು ದಿನ ಜ್ವರದ ಮನುಷ್ಯ ಬದುಕಿರಲಾರ ಎಂದು ಅವನ ಮೇಲಧಿಕಾರಿ ಬೇಡವೆಂದಿದ್ದನಂತೆ. ಬಿಲ್ ವಾದ ಹಾಕಿ ಒಪ್ಪಿಸಿದ್ದ. ಮಾವ ತಮ್ಮನ್ನು ದಂಡೆಗೆ ಹೊತ್ತು ತರಲು ಹೇಳಿ ಮರಕ್ಕೆ ಒರಗಿ ಕೂತಿದ್ದರು. ಮಧ್ಯಾಹ್ನದ ಮೇಲೆ ಅವರು ಮಹಬೂಬನನ್ನು ತಂದರು. ಅವನು ಬದುಕಿದ್ದ. ಆ ಕಾಡಿನ ಜನರ ಹೆಂಗಸೊಬ್ಬಳು ಅವನಿಗೆ ಕದ್ದು ಮುಚ್ಚಿ ಗಂಜಿ ಹಾಕಿದ್ದಳಂತೆ. ಬಿಲ್ ಅವನನ್ನು ಬೆನ್ನಿಗೆ ಹಾಕಿಕೊಂಡು ನೀರಿಗಿಳಿದ. ಅಲ್ಲಿಗೆ ಮಾವ ಮಾತು ನಿಲ್ಲಿಸಿದರು.

"ನಡು ಹೊಳ್ಯಾಗಿನ ಸುದ್ದಿ ಮಹಬೂಬನ್ನ ಕೇಳು. ನಾ ದಂಡಿ ಮ್ಯಾಗ ಇದ್ದೆ. ಅಂವ ಬೆನ್ನಿನ ಮ್ಯಾಗ ಇದ್ದ."

ಆಮೇಲೆ ಇನ್ನೊಂದೇ ಮಾತು ಹೇಳಿದರು. ಬಿಲ್‌ನನ್ನು ಮಣ್ಣು ಮಾಡುವಾಗ ಎಲ್ಲ ಸಿಪಾಯಿಗಳೂ ನೆಟ್ಟಗೆ ನಿಂತು ಸಲಾಮು ಕೊಟ್ಟರು. ಮಾವನಿಗೆ ಏಳಲಾಗಲಿಲ್ಲ. ಇಬ್ಬರು ಹಿಡಿದು ಎತ್ತಿದರೂ ಕಾಲು ಮಡಚಿದವು. "ಎಲ್ಲಾರೂ ನಿಂತಿದ್ರು. ನಾ ಕುಂತೇ ಇದ್ದೆ. ನಿನ್ನೆ ನಿಂತೆ."

ಮುಂದಿನ ರವಿವಾರ ನಾನೂ ನನ್ನ ಗಂಡನೂ ಶಹಾಪುರದ ಬಸ್ಸು ಹತ್ತಿದೆವು. ತಮ್ಮ ಹೆಸರಿನ ಮೂಲ ಅವರಿಗೂ ಆಗಲೇ ತಿಳಿದದ್ದು. ಬಸ್ಸಿನಲ್ಲಿ ಯಾರೋ ಹೊಸಬರ ಪಕ್ಕದಲ್ಲಿ ಕೂತಂತೆ ನನಗೆ ಅನ್ನಿಸಿತು. ಮಹಬೂಬ ಚಾಚಾ ಅಲ್ಲಿ ದರ್ಜಿ. ಸಣ್ಣ ಅಂಗಡಿ, ಹಿಂದೆ ಮನೆ, ಮನೆ ತುಂಬ ಮಕ್ಕಳು ಮೊಮ್ಮಕ್ಕಳ ಗದ್ದಲ. ವಿಷಯ ಹೇಳಿದಾಗ ಮಷೀನಿನ ಗಾಲಿಯನ್ನು ಕೈಯಿಂದ ಹಿಡಿದು ನಿಲ್ಲಿಸಿದರು. ನಿಮ್ಮ ಮಾವ ಇಷ್ಟು ವರ್ಷದ ಮೇಲೆ ಬಾಯಿ ತೆರೆದನೇ ಎಂದು ಕೇಳಿ, ಮೊಮ್ಮಕ್ಕಳನ್ನು ಆಡಲು ಕಳಿಸಿ, ನಮಗೆ ಚಹಾ ತರಿಸಿದರು. ತಮ್ಮ ಹೆಂಡತಿಗೂ ಅವರು ಎಂದೂ ಹೇಳಿರಲಿಲ್ಲವಂತೆ. ಆಕೆಯೂ ಬಾಗಿಲಿಗೆ ಒರಗಿ ನಿಂತು ಕೇಳಿದರು.

ಬಿಲ್ ಗುಡಿಸಲಿಗೆ ಬಂದು, ಬೆನ್ನು ತಿರುಗಿಸಿ ಕೂತು, 'ಮೇಟ್' ಎಂದು ಕರೆದನಂತೆ. ನಮ್ಮ ಕಡೆ ಮೇಟ್ ಎಂದರೆ ಮಣ್ಣು ಕೆಲಸದ ಕೂಲಿಗಳ ಮುಖಂಡ. ಸಾಯಲು ಬಿದ್ದವನನ್ನು ಇವನು ಯಾಕೆ ಮುಖಂಡ ಅನ್ನುತ್ತಾನೆ ಎಂದು ಚಾಚಾ ಆ ಜ್ವರದಲ್ಲಿಯೂ ಬೆರಗಾಗಿದ್ದರು. ಗೆಳೆಯಾ ಎಂದು ಅದರ ಅರ್ಥ ಎಂದು ಎಷ್ಟೋ ದಿನದ ಮೇಲೆ ಆಸ್ಪತ್ರೆಯಲ್ಲಿ ಯಾರೋ ಹೇಳಿದಾಗ, ಮುಸುಕು ಹಾಕಿಕೊಂಡು ಅತ್ತರಂತೆ.

"ನಡು ಹೊಳಿಗಿ ಬಂದೀವಿ, ಬೇಟಿ" ಎಂದರು ಚಾಚಾ. "ಬಾಜೂದ ಗಿಡದಾಗಿಂದ ಜಪಾನಿನವರ ಗೋಲಿ ಸಪ್ಪಳ ಬಂತು. ಅವನ ಬೆನ್ನು ಒಮ್ಮಿ ಝಲ್ ಅಂತು. ಎತ್ತಿನ ಮೈಮ್ಯಾಗ ನೊಣ ಕುಂತಾಗ ಚರ್ಮ ಝಾಡಸ್ತದಲ್ಲ, ಹಂಗ. ಆಮ್ಯಾಲ ನನ್ನ ಹೊಟ್ಟಿಗಿ ಬೆಚ್ಚಗ ಆತು. ಹೊಳಿ ನೀರು ಇಲ್ಲಿ ಬೆಚ್ಚಗದ ಅಂತ ನಾ ತಿಳಕೊಂಡೆ."

ಬಾಗಿಲಲ್ಲಿ ನಿಂತಿದ್ದ ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಈಚೆ ದಂಡೆಯವರು ಹಗ್ಗ ಜಗ್ಗುತ್ತಿದ್ದರು. ಭಾರ ಬಿಟ್ಟಿದ್ದರೆ ಅವನೊಬ್ಬ ಬೇಗ ಮುಟ್ಟುತ್ತಿದ್ದ. ಅವನು ಬಿಡಲಿಲ್ಲ. ಎದೆಯ ಮೇಲೆ ಚಾಚಾನ ಎರಡೂ ಕೈಗಳನ್ನು ಒಂದೇ ಕೈಯಲ್ಲಿ ಒತ್ತಿ ಹಿಡಿದು, ಇನ್ನೊಂದರಿಂದ ನೀರು ಸೀಳುತ್ತ ಬಂದ. ಉಸಿರು ಮಾತ್ರ ಕುಲುಮೆಯ ತಿದಿಯಂತೆ ಬರುತ್ತಿತ್ತು. ದಂಡೆಗೆ ಬಂದ ಮೇಲೂ ಎತ್ತಿ ಹಾಕಲಿಲ್ಲ. ಮೊಣಕಾಲೂರಿ, ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಇಳಿಸಿದ. ತಾನೂ ಪಕ್ಕದಲ್ಲಿ ಕೂತ, ದಣಿವಾರಿಸಿಕೊಳ್ಳುವವನಂತೆ. ಮರಕ್ಕೆ ಒರಗಿದ್ದ ಮಾವನನ್ನು ನೋಡಿ, ಚಾಚಾನ ಕಡೆಗೆ ಗದ್ದ ಎತ್ತಿ, ಇವನೇ ತಾನೇ ಎಂದು ಕೇಳುವ ಹಾಗೆ ಹುಬ್ಬು ಹಾರಿಸಿದ. ಮಾವ ಹೌದೆಂದು ತಲೆ ಆಡಿಸಿದರು. ಅದನ್ನು ಅವನು ಕಂಡನೋ ಇಲ್ಲವೋ ಇಬ್ಬರಿಗೂ ಗೊತ್ತಾಗಲಿಲ್ಲ. ಕೂತಂತೆಯೇ ಇದ್ದ. ಜನ ಓಡಿ ಬಂದು ಮುಟ್ಟಿದಾಗ ವಾಲಿದ.

ನಾನು ಚಾಚಾನನ್ನು ಒಂದೇ ಮಾತು ಕೇಳಿದೆ. ಗುರುತು ಪರಿಚಯ ಇಲ್ಲದ ನಿಮಗಾಗಿ ಅವನು ಯಾಕೆ ಹಾಗೆ ಮಾಡಿದ? ಅವರು ಕತ್ತರಿ ಕೆಳಗಿಟ್ಟರು. ನನಗೆ ತಿಳಿಯಲಿಲ್ಲ, ದಿನಾ ನಮಾಜಿನಲ್ಲಿ ಕೇಳುತ್ತೇನೆ, ಮೇಲಿನವನೂ ಇನ್ನೂ ಹೇಳಿಲ್ಲ ಎಂದರು.

ಅವತ್ತು ಬಸ್ಸಿನಲ್ಲಿ ಮರಳಿ ಬರುವಾಗ ಕಾಲುವೆಯ ಸೇತುವೆ ದಾಟಿದೆವು. ನೀರು ತುಂಬಿ ಹರಿಯುತ್ತಿತ್ತು. ನಾನು ಬೆರಗಾದದ್ದು ನೀರಿಗಲ್ಲ. ಹೊಟ್ಟೆಗಿಲ್ಲದೆ ಸೇರಿದ ಇಬ್ಬರು ಸಿಪಾಯಿಗಳು, ಯಾವ ದೊರೆಯ ಪಟ್ಟಿಯಲ್ಲಿಯೂ ಲೆಕ್ಕಕ್ಕಿಲ್ಲದವರು. ಅವರಿಬ್ಬರಿಗೆಂದು ಲೋಕದ ಆ ತುದಿಯ ನೀರಗಂಟಿಯ ಮಗ ಬೂಟು ಬಿಚ್ಚಿದ. ಒಂದು ಸಲ ಅಲ್ಲ, ಎರಡು ಸಲ. ದೇವರ ಗುಡಿಯ ಮುಂದೆ ನಿಂತಾಗಲೂ ನನಗೆ ಅಂಥ ಬೆರಗು ಆಗಿದ್ದಿಲ್ಲ, ಈಗಲೂ ಆಗುವುದಿಲ್ಲ.

ಮಾವ ಹೋಗಿ ಬಹಳ ವರ್ಷವಾಯಿತು. ಚಾಚಾನೂ ಹೋದರು. ಆ ಕಥೆ ಕೇಳಿದಾಗ ಬಿಲ್ ಹೆಚ್ಚುಕಡಿಮೆ ನನ್ನ ವಯಸ್ಸಿನವನು. ಇಪ್ಪತ್ತು ದಾಟಿದ್ದ, ಅಷ್ಟೆ. ಕತ್ತೆತ್ತಿ ನೋಡುವಷ್ಟು ದೊಡ್ಡವನಾಗಿ ಕಾಣುತ್ತಿದ್ದ. ಆಮೇಲೆ ನನ್ನ ಮಗ ಆ ವಯಸ್ಸಿಗೆ ಬಂದ, ದಾಟಿಯೂ ಹೋದ. ಈಗ ಮೊಮ್ಮಗನ ತುಟಿಯ ಮೇಲೆ ಕೂದಲು ಮೂಡುತ್ತಿವೆ. ನಾವೆಲ್ಲ ಮುಂದೆ ಮುಂದೆ ಹೋದೆವು, ಅವನೊಬ್ಬ ಆ ದಂಡೆಯಲ್ಲಿಯೇ ನಿಂತ. ವರ್ಷ ಹೋದಂತೆ ನನಗೆ ಎಳೆಯನಾಗುತ್ತ ಬಂದ. ನಿನ್ನೆಯಿಂದ ನೋಡುತ್ತಿದ್ದೇನೆ, ನಾನು ಅವನ ಅವ್ವನಿಗಿಂತಲೂ ಮುದುಕಿಯಾಗಿದ್ದೇನೆ. ಮನಸ್ಸು ಮತ್ತೆ ಮತ್ತೆ ಆ ಹೊಳೆಗೇ ಹೋಗುತ್ತದೆ. ಅವನು ಎರಡನೆಯ ಸಲ ನೀರಿಗಿಳಿಯಲು ಹೊರಟಿದ್ದಾನೆ. ನಾನು ಅಂಗಿಯ ತುದಿ ಹಿಡಿದು ನಿಲ್ಲಿಸುತ್ತೇನೆ. ಸಾಕಪ್ಪಾ, ಒಬ್ಬನನ್ನು ತಂದೆಯಲ್ಲ, ಇನ್ನು ಬೇರೆ ಯಾರಾದರೂ ಹೋಗಲಿ, ನಿನ್ನ ಅವ್ವ ದಾರಿ ಕಾಯುತ್ತಿದ್ದಾಳೆ ಎನ್ನುತ್ತೇನೆ. ರಾತ್ರಿ ಊಟಕ್ಕೆ ಕೂತಾಗಲೂ ಆ ಹಿಡಿತ ಸಡಿಲಿಸಿರಲಿಲ್ಲ.

ಇವತ್ತು ಬೆಳಿಗ್ಗೆ ಶಬಾನಾ ಬಂದಳು. ನಮ್ಮ ಓಣಿಯಲ್ಲೇ ಇರುತ್ತಾಳೆ, ದವಾಖಾನೆಯಲ್ಲಿ ನರ್ಸು. ಕೆಲಸಕ್ಕೆ ಹೋಗುವ ಮುಂಚೆ ನನ್ನ ಬಿ.ಪಿ. ನೋಡಿ ಹೋಗುವುದು ಅವಳ ರೂಢಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುತ್ತ, ಆಯಿ, ಯಾಕ ಇವತ್ತು ಇಷ್ಟು ಏರ್ಯಾದ, ಏನು ಚಿಂತಿ ಮಾಡ್ಲಿಕತ್ತೀರಿ ಎಂದು ಗದರಿದಳು. ಬಿಲ್ ಎರಡನೆಯ ಸಲ ನೀರಿಗಿಳಿದು ಬೆನ್ನ ಮೇಲೆ ತಂದ ಮಹಬೂಬ ಚಾಚಾನ ಮೊಮ್ಮಗಳು ಅವಳು. ಅದೇ ಗದ್ದ, ಮಾತಿನ ನಡುವೆ ಕೈ ನಿಲ್ಲಿಸುವ ಅದೇ ರೀತಿ. ನಾಡಿ ಹಿಡಿದಿದ್ದ ಅವಳ ಬೆರಳು ಬೆಚ್ಚಗಿದ್ದವು.

ನಾನು ಅವಳ ಮುಖ ನೋಡಿದೆ. ಆ ದಂಡೆಯಲ್ಲಿ ಹುಡುಗನ ಅಂಗಿ ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟೆ.